ಸಮರರಸ ನಿಷ್ಪತ್ತಿ: ಒಂದು ಮೀಮಾಂಸೆ

ಭರತಮುನಿ ರಸಗಳು ಎಂಟೆಂದ. ಅನಂತರದವರು ಶಾಂತವನ್ನು ಸೇರಿಸಿ ಒಂಬತ್ತೆಂದರು. ಹತ್ತನೆಯದಾದ 'ಸಮರರಸ'ವನ್ನು ಸಪ್ರಮಾಣವಾಗಿ ಪ್ರತಿಷ್ಠಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ವೀರರಸದಲ್ಲಿ ನಾಯಕ ತಾನೇ ರಣರಂಗಕ್ಕೆ ಹೋಗಬೇಕು. ಇಲ್ಲಿ ಆ ತೊಂದರೆ ಇಲ್ಲ, ಆದ್ದರಿಂದ ಇದು ಭಿನ್ನ. ತಕರಾರುಳ್ಳ ವಿದ್ವಾಂಸರು ವಿಚಾರಸಂಕಿರಣದ ಚಹಾ ವಿರಾಮದಲ್ಲಿ ಸಿಗಬಹುದು.

ಲಕ್ಷ್ಯಕೃತಿ ಇರಾಕಿನ ಮೇಲೆ ಅಮೆರಿಕ ಮಾಡಿದ ಎರಡು ಯುದ್ಧ. ಆಲಂಬನ ವಿಭಾವ ಶತ್ರು. ಅವನು ನಿಜವಾಗಿಯೂ ಕ್ರೂರಿಯಾಗಿದ್ದರೆ ರಸಕ್ಕೆ ಅನುಕೂಲ. ಸದ್ದಾಂ ಹುಸೇನ್ ಆಗಿದ್ದ. 1983ರಲ್ಲಿ ಅಧ್ಯಕ್ಷ ರೇಗನ್ನರ ದೂತನಾಗಿ, 2003ರ ಯುದ್ಧದ ಹೊತ್ತಿಗೆ ರಕ್ಷಣಾ ಸಚಿವನಾಗಲಿದ್ದ ರಂಸ್‌ಫೆಲ್ಡ್ ಬಗ್ದಾದಿಗೆ ಹೋಗಿ ಅವನ ಕೈ ಕುಲುಕಿದ್ದನ್ನು 'ಪೂರ್ವರಂಗ' ಎಂದು ತಿಳಿಯತಕ್ಕದ್ದು.

ಉದ್ದೀಪನ ವಿಭಾವಕ್ಕೆ ಶ್ರೇಷ್ಠ ಉದಾಹರಣೆ 1990ರ ಅಕ್ಟೋಬರಿನದು. ಹದಿನೈದರ ಹುಡುಗಿಯೊಬ್ಬಳು ಅಮೆರಿಕದ ಸಂಸದರೆದುರು ಅಳುತ್ತ, ಆಕ್ರಮಿತ ಕುವೈತಿನ ಆಸ್ಪತ್ರೆಯಲ್ಲಿ ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ಎತ್ತಿ ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರೆಂದಳು. ಅವಳು ಕುವೈತ್ ರಾಯಭಾರಿಯ ಮಗಳೆಂದು ಜನರಿಗೆ ಗೊತ್ತಾದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಏರ್ಪಾಡು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿಯದು, ಹಣ ಕುವೈತಿನದು. ಅಭಿನವಗುಪ್ತ ಎಣಿಸಿದ ಏಳು ರಸವಿಘ್ನಗಳಲ್ಲಿ ಸತ್ಯಜ್ಞಾನ ಸೇರಿಲ್ಲ. ಎಂಟನೆಯದಾಗಿ ಸೇರಿಸಬೇಕೆಂದು ಈ ಲೇಖಕನ ವಿನಮ್ರ ಸೂಚನೆ.

ಇನ್ನು ಸಾಧಾರಣೀಕರಣ. 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್, ಹೆಸರು ಹೇಳದ ಅಧಿಕಾರಿಗಳನ್ನು ನಂಬಿ, ಸದ್ದಾಂ ಅಣುಬಾಂಬಿಗಾಗಿ ಅಲ್ಯೂಮಿನಿಯಂ ಕೊಳವೆ ಹುಡುಕುತ್ತಿದ್ದಾನೆಂದು ಬರೆಯಿತು. ಅದೇ ದಿನ ಉಪಾಧ್ಯಕ್ಷ ಚೇನಿ ಟೀವಿಯಲ್ಲಿ ಕೂತು, ಪತ್ರಿಕೆಯಲ್ಲೇ ಬಂದಿದೆಯಲ್ಲ ಎಂದರು. ಸರ್ಕಾರ ಕಿವಿಯಲ್ಲಿ ಊದಿದ್ದು ಸರ್ಕಾರಕ್ಕೇ ಸಾಕ್ಷಿಯಾಗಿ ವಾಪಸು ಬಂತು. ಸಹೃದಯರು ಸೋಫಾದ ಮೇಲೆ ಪುಳಕಿತರಾದರು.

ವ್ಯಭಿಚಾರಿಭಾವಗಳೆಂದರೆ ಬಂದು ಹೋಗುವ ಕಾರಣಗಳು: ಅಣುಬಾಂಬು, ರೋಗಾಣು, ಅಲ್ ಖೈದಾ ನಂಟು, ಯಾವುದೂ ನಿಲ್ಲದಿದ್ದಾಗ ಪ್ರಜಾಪ್ರಭುತ್ವ. ಶಾಸ್ತ್ರದ ಪ್ರಕಾರ ಮೂವತ್ತಮೂರು ಆಗಬೇಕು. ನನಗೆ ಅಷ್ಟು ತಾಳ್ಮೆಯಿಲ್ಲ. ಸ್ಥಾಯಿಭಾವ ಮಾತ್ರ ಕದಲುವುದಿಲ್ಲ. ಚೇನಿ 2000ದವರೆಗೆ ಮುಖ್ಯಸ್ಥರಾಗಿದ್ದ ಹಾಲಿಬರ್ಟನ್ನಿನ ಅಂಗಸಂಸ್ಥೆಗೆ ಇರಾಕಿನ ತೈಲಬಾವಿಗಳ ದುರಸ್ತಿ ಗುತ್ತಿಗೆ 2003ರಲ್ಲಿ ಟೆಂಡರೇ ಇಲ್ಲದೆ ಸಿಕ್ಕಿತು.

ಸಾಕು ಈ ಮೀಮಾಂಸೆ. ಆ ವರ್ಷದ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಹೊರಗಿದ್ದ ಪಿಕಾಸೋನ 'ಗೆರ್ನಿಕಾ'ದ ನೇಯ್ದ ಪ್ರತಿಗೆ ನೀಲಿ ಪರದೆ ಹಾಕಿದರು. ಬಾಂಬು ಬಿದ್ದ ಊರಿನ ಚಿತ್ರ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವುದಿಲ್ಲವಂತೆ! ಒಳಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್, ರೋಗಾಣು ಅಸ್ತ್ರ ಹೀಗಿರುತ್ತದೆಂದು ಪುಡಿ ತುಂಬಿದ ಪುಟ್ಟ ಸೀಸೆ ಎತ್ತಿ ತೋರಿಸಿದರು. ಹೇಳಿದ ಆಯುಧಗಳು ಸಿಗಲೇ ಇಲ್ಲ. ಆ ಭಾಷಣ ತನ್ನ ಹೆಸರಿಗೆ ಕಳಂಕ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಹೆಸರಿಗೆ! ಲಕ್ಷಕ್ಕೂ ಮಿಕ್ಕಿ ಸಾಮಾನ್ಯ ಜನ ಸತ್ತರು. ಮಿಕ್ಕಿ ಎಂದರೆ ಎಷ್ಟು? 2003ರ ದಾಳಿಯ ನೇತೃತ್ವ ವಹಿಸಿದ ಜನರಲ್ ಟಾಮಿ ಫ್ರಾಂಕ್ಸ್, ಹೆಣ ಎಣಿಸುವುದು ತಮ್ಮ ಕೆಲಸವಲ್ಲವೆಂದು ಹಿಂದಿನ ವರ್ಷವೇ ಹೇಳಿಬಿಟ್ಟಿದ್ದರು. ಎಣಿಸುವವರು ಇರಲಿಲ್ಲವೆಂದಲ್ಲ. ಹಾಲಿಬರ್ಟನ್ನಿನ ಅದೇ ಅಂಗಸಂಸ್ಥೆ ಇರಾಕಿಗೆ ತಂದ ಪೆಟ್ರೋಲಿಗೆ 6.1 ಕೋಟಿ ಡಾಲರ್ ಹೆಚ್ಚು ಬಿಲ್ ಹಾಕಿರಬಹುದೆಂದು ಪೆಂಟಗನ್ನಿನ ಲೆಕ್ಕಪರಿಶೋಧಕರು 2003ರ ಡಿಸೆಂಬರಿನೊಳಗೆ ಪತ್ತೆ ಮಾಡಿದ್ದರು.