ನಮ್ಮೂರಾಗ ಏನೇನ್ ಅದ

ಬೆಂಗಳೂರಿನಲ್ಲಿ ‘ನಮ್ಮದು ಕಮಲನಗರ’ ಅಂದರೆ ‘ಓ, ಬಸವೇಶ್ವರನಗರದ ಹತ್ರ ಅಲ್ವಾ?’ ಅನ್ನುತ್ತಾರೆ. ಅಲ್ರೀ, ಬೀದರ ಜಿಲ್ಲೆಯದು ಎಂದರೆ ಎದುರಿನ ಮುಖದಲ್ಲಿ ಕನಿಕರ ಮೂಡುತ್ತದೆ. ಆಮೇಲಿನ ಪ್ರಶ್ನೆ ಖಾಯಂ: ‘ಅಲ್ಲಿ ನೋಡೋಕೆ ಏನಿದೆ?’

ಇಂಗ್ಲೆಂಡಿನ ಹಳ್ಳಿಯವನಿಗೆ ಇದು ಸಲೀಸು. ಒಂದು ಹಳೇ ಚರ್ಚು, ಒಂದು ಪಬ್ಬು, ಒಂದು ಕೆಂಪು ಅಂಚೆಪೆಟ್ಟಿಗೆ ತೋರಿಸಿ ಕೈತೊಳೆದುಕೊಂಡಾನು. ನಮ್ಮ ಸೌಲಭ್ಯಗಳೋ ಮೂರೂರು, ಎರಡು ರಾಜ್ಯಗಳಲ್ಲಿ ಚೆಲ್ಲಿಕೊಂಡಿವೆ. ಕಾಲೇಜಿಗೆ ಭಾಲ್ಕಿ, ಡಿಸಿ ಸಾಹೇಬರ ದರ್ಶನಕ್ಕೆ ಬೀದರ, ಹಲ್ಲು ಕೀಳಿಸಲು ಉದಗೀರ, ಮದುವೆ ಜವಳಿಗೂ ಉದಗೀರವೇ. ಉದಗೀರ ಮಹಾರಾಷ್ಟ್ರದ ಲಾತೂರ ಜಿಲ್ಲೆಗೆ ಸೇರಿದ್ದೆಂದು ಶಾಲೆಯ ನಕಾಶೆ ಹೇಳುತ್ತದೆ. ಆದರೆ 1956ರ ತನಕ ಅದೂ ಬೀದರ ಜಿಲ್ಲೆಯದೇ ತಾಲ್ಲೂಕು. ರಾಜ್ಯ ವಿಂಗಡಣೆಯಲ್ಲಿ ಉದಗೀರ, ಅಹಮದಪುರ, ನಿಲಂಗಾ ಆಚೆ ಹೋದವು. ಗೆರೆ ಎಳೆದವರು ನಮ್ಮ ಬೀಗರನ್ನು ಒಂದು ಮಾತು ಕೇಳಲಿಲ್ಲ.

2018ರಲ್ಲಿ ನಾವೇ ತಾಲ್ಲೂಕಾದೆವು. ಅಲ್ಲಿಯವರೆಗೆ ಔರಾದ ತಾಲ್ಲೂಕಿನ ಹೊಟ್ಟೆಯೊಳಗಿದ್ದೆವು. ಅಣ್ಣ-ತಮ್ಮಂದಿರ ಪಾಲಾದ ಮನೆಯಂತೆ ಈಗಲೂ ಎರಡೂ ಕಡೆ ಲೆಕ್ಕ ನಡೆದೇ ಇದೆ. ಔರಾದಕ್ಕೆ ಅಮರೇಶ್ವರ ದೇವಸ್ಥಾನ ಉಂಟು, ಹೆದ್ದಾರಿ ಉಂಟು. ರೈಲು ಮಾತ್ರ ಇಲ್ಲ. ನಮಗೆ ರೈಲುಂಟು! ಔರಾದದವರ ಮುಂದೆ ನಾವು ಕಾಲರ್ ಏರಿಸುವುದು ಇದೊಂದೇ ಬಲದ ಮೇಲೆ. ಒಂದು ದಿಕ್ಕಿಗೆ ಭಾಲ್ಕಿ, ಬೀದರ, ವಿಕಾರಾಬಾದ. ಇನ್ನೊಂದು ದಿಕ್ಕಿಗೆ ಉದಗೀರ, ಲಾತೂರ ರೋಡ್, ಪರಳಿ. ಗಾಡಿ ಬಂದಾಗ ಅದು ಸ್ಟೇಷನ್ನು. ಉಳಿದ ಹೊತ್ತಿನಲ್ಲಿ ರಿಟೈರಾದ ಮಾಸ್ತರರು ತೊಗರಿ ಭಾವ, ತಂತಮ್ಮ ಬೀಪಿ ಎರಡೂ ಏರಿಳಿಯುವ ಬಗ್ಗೆ ಚರ್ಚಿಸುವ ಸಭಾಭವನ.

ಅಭಿಮಾನದ ವಿಷಯವೂ ಒಂದಿದೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ನಮ್ಮೂರಲ್ಲಿ. ಆ ಧೈರ್ಯಕ್ಕೆ ಕೈಮುಗಿಯಬೇಕು. ಈಗ ಕಾಲ ತಿರುಗಿದೆ. ಅಂಗಡಿಯ ಬೋರ್ಡು ಅಚ್ಚಗನ್ನಡ, ಒಳಗೆ ವ್ಯಾಪಾರವೆಲ್ಲ ಮರಾಠಿಯಲ್ಲಿ. ಮೊನ್ನೆ ಕಿರಾಣಿ ಅಂಗಡಿಯಲ್ಲಿ ಕೇಳಿದ್ದು:

‘ಕಾಕಾ, ಎಲ್ಲಿಗಿ ಹೊಂಟೀರಿ?’

‘ಗಾಂವಿಗಿ ಹೊಂಟೀನಪಾ, ಉದ್ಯಾ ಬರ್ತೀನಿ. ತೋಪರ್ಯಂತ ದುಕಾನ ನೋಡ್ಕೋ.’

ಹುಡುಗನಿಗೆ ಪೂರ್ತಿ ಅರ್ಥವಾಯಿತು. ಯಾವ ರಾಜ್ಯದ ಭಾಷಾ ಇಲಾಖೆಗೂ ಆಗಲಿಕ್ಕಿಲ್ಲ.

ಇದೇ ಕಾಕಾ 2022ರಲ್ಲಿ ಉದಗೀರದಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದಾಗ ಹೋಗಿಬಂದಿದ್ದರು. ಹೆಂಗಿತ್ರಿ ಅಂದರೆ, ‘ಊಟ ಛಲೋ ಇತ್ತು, ಸಾರು ಜರಾ ತೆಳುವು.’ ಕನ್ನಡ ಸಮ್ಮೇಳನದಿಂದ ಬಂದವರೂ ಇಷ್ಟೇ ವಿಸ್ತಾರವಾಗಿ ವಿಮರ್ಶೆ ಮಾಡುತ್ತಾರಾದ್ದರಿಂದ ಗಡಿ ಸಾಹಿತ್ಯವನ್ನು ಬೇರೆ ಮಾಡಿದೆ ಎಂದು ನಾನು ನಂಬುವುದಿಲ್ಲ.

ಇಷ್ಟಾದರೂ ಬೆಂಗಳೂರಿನವರು ಬಿಡುವುದಿಲ್ಲ. ‘ಅದೆಲ್ಲ ಸರಿ, ಹೊರಗಿನವರು ನೋಡೋಕೆ ಬರೋ ಜಾಗ?’ ಇದೆ ಸ್ವಾಮಿ, ಪೆಟ್ರೋಲ್ ಪಂಪು. ಮಹಾರಾಷ್ಟ್ರಕ್ಕಿಂತ ನಮ್ಮಲ್ಲಿ ಪೆಟ್ರೋಲು ಅಗ್ಗ. ಎಂಎಚ್-24 ನಂಬರಿನ ಬೈಕುಗಳು ಹೆಂಡತಿ, ಮಕ್ಕಳ ಸಮೇತ ಬಂದು ಸಾಲಾಗಿ ನಿಲ್ಲುತ್ತವೆ. ಟ್ಯಾಂಕು ತುಂಬಿಸಿಕೊಂಡು, ಪಕ್ಕದ ಹೋಟೆಲಿನಲ್ಲಿ ಮಿರ್ಚಿಭಜಿ ತಿಂದು, ಉಳಿಸಿದ್ದಷ್ಟನ್ನೂ ಅಲ್ಲೇ ಕೊಟ್ಟು ಸಂತೋಷದಿಂದ ಊರಿಗೆ ಮರಳುತ್ತವೆ. ಪ್ರವಾಸೋದ್ಯಮ ಇಲಾಖೆಯವರ ಕಣ್ಣಿಗೆ ಇದಿನ್ನೂ ಬಿದ್ದಿಲ್ಲ. ಬೀಳದಿದ್ದರೇ ವಾಸಿ, ಬಿದ್ದರೆ ಪಾರ್ಕಿಂಗಿಗೆ ದುಡ್ಡು ಇಡುತ್ತಾರೆ.