ಕ್ರೂಜಿಯವರ ಪ್ರಯಾಣಕ್ಕೊಂದು ಕೈಪಿಡಿ

ಬಳಸುವ ಮುನ್ನ ಓದಿಕೊಳ್ಳಿ

ಮಾನ್ಯ ಟ್ರಿಪನೊಸೋಮಾ ಕ್ರೂಜಿಯವರೇ, ತಾವು ಒಂದೇ ಜೀವಕೋಶದವರು. ಕೈಕಾಲಿಲ್ಲ, ರೆಕ್ಕೆಯಿಲ್ಲ, ಇರುವುದೊಂದು ಚಾವಟಿಯಂಥ ಎಳೆ. ಗಾಳಿಯಲ್ಲಿ ತೇಲಿ ಬರಲಾರಿರಿ, ಕೈಕುಲುಕಿದರೆ ದಾಟಲಾರಿರಿ, ಸೊಳ್ಳೆಯಂತೂ ತಮ್ಮನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಆದರೂ 70 ಲಕ್ಷಕ್ಕೂ ಹೆಚ್ಚು ಜನರ ಮೈಯಲ್ಲಿ ಠಿಕಾಣಿ ಹೂಡಿದ್ದೀರಿ, ಅವರಲ್ಲಿ ಬಹುಪಾಲು ಲ್ಯಾಟಿನ್ ಅಮೆರಿಕದವರು. ತಮ್ಮಿಂದಾಗುವ ಕಾಯಿಲೆಗೆ ಚಾಗಾಸ್ ಎಂದು ಹೆಸರು. ಈ ಕೈಪಿಡಿಯನ್ನು ಅರ್ಜೆಂಟೀನಾ, ಬೊಲಿವಿಯಾ, ಪರಾಗ್ವೆಗಳಿಗೆ ಹಂಚಿಹೋದ ಗ್ರಾನ್ ಚಾಕೊ ಎಂಬ ಒಣ ಕುರುಚಲು ಸೀಮೆಗಾಗಿ ಬರೆಯಲಾಗಿದೆ. ಬೇರೆಡೆ ಬಳಸುವವರು ಅಲ್ಲಲ್ಲಿ ತಿದ್ದಿಕೊಳ್ಳಬೇಕು.

ಮನೆ ಆರಿಸುವುದು

ಗಾರೆ ಹಾಕಿ ನುಣ್ಣಗೆ ಮಾಡಿದ ಇಟ್ಟಿಗೆ ಮನೆಯ ತಂಟೆಗೆ ಹೋಗಬೇಡಿ. ಮಣ್ಣು ಮೆತ್ತಿದ ತಡಿಕೆ ಗೋಡೆ, ಹುಲ್ಲು ಹೊದಿಸಿದ ಮಾಡು, ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುವ ಸಂಸಾರ, ಇಷ್ಟು ಸಿಕ್ಕರೆ ಬೇರೇನೂ ಬೇಡ. ಬಿಸಿಲಿಗೆ ಮಣ್ಣು ಒಣಗಿ ಬಿರುಕು ಬಿಟ್ಟ ಕಡೆಯಲ್ಲೆಲ್ಲ ತಮ್ಮ ವಾಹನ ನಿಂತಿರುತ್ತದೆ. ವಾಹನವೆಂದರೆ ಟ್ರಯಾಟೋಮಾ ಇನ್‌ಫೆಸ್ಟನ್ಸ್ ಎಂಬ ರಕ್ತ ಹೀರುವ ತಿಗಣೆ. ಅಲ್ಲಿಯವರ ಬಾಯಲ್ಲಿ ವಿಂಚೂಕಾ. ಮಂಚದ ಸಂದಿಯ ನಮ್ಮ ತಿಗಣೆಗೆ ದೂರದ ನೆಂಟ, ಆದರೆ ಎರಡು ಮೂರು ಸೆಂಟಿಮೀಟರ್ ಉದ್ದ. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು.

ಬಡವರ ಮನೆಯೇ ಏಕೆ ಎಂದು ತಾವು ಕೇಳಬೇಕಾಗಿಲ್ಲ. ಕೇಳಬೇಕಾದ ಸರ್ಕಾರಗಳೇ ಬಹಳ ಕಾಲ ಕೇಳಲಿಲ್ಲ.

ಹತ್ತುವುದು, ಇಳಿಯುವುದು

ತಿಗಣೆ ಮೊಟ್ಟೆಯೊಡೆದು ಬರುವಾಗ ಶುದ್ಧವಾಗಿರುತ್ತದೆ. ತಾಯಿ ತಿಗಣೆಯಿಂದ ಮರಿಗೆ ತಾವು ದಾಟಲಾರಿರಿ, ಆದ್ದರಿಂದ ಒಂದೊಂದನ್ನೂ ಹೊಸದಾಗಿಯೇ ಹತ್ತಬೇಕು. ಅವಕಾಶಕ್ಕೇನೂ ಕೊರತೆಯಿಲ್ಲ: ಮರಿ ಐದು ಹಂತ ದಾಟಿ ದೊಡ್ಡದಾಗಬೇಕು, ಪ್ರತಿ ಹಂತಕ್ಕೂ ಅದಕ್ಕೆ ರಕ್ತ ಬೇಕು. ಸೋಂಕಿರುವ ಮೈಯಿಂದ ಅದು ಹೀರಿದ ರಕ್ತದ ಜೊತೆ ಒಳಗೆ ಹೋಗಿ, ಕರುಳಿನಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ, ಎರಡು ಮೂರು ವಾರದಲ್ಲಿ ಹಿಂಭಾಗದ ತುದಿಗೆ ಬಂದು ನಿಂತುಕೊಳ್ಳಿ. ಅಪ್ಪಿತಪ್ಪಿಯೂ ಸೊಂಡಿಲಿನತ್ತ ಹೋಗಬೇಡಿ. ಮಲೇರಿಯಾದವರು ಎಂಜಲಿನಲ್ಲಿ ಇಳಿಯುತ್ತಾರೆ, ತಮ್ಮದು ಹಿಂಬಾಗಿಲು.

ದೀಪ ಆರಿದ ಮೇಲೆ ತಿಗಣೆ ಮಾಡಿನಿಂದ ಇಳಿಯುತ್ತದೆ. ಮಲಗಿದವರ ಉಸಿರಿನ ಜಾಡು, ಮೈಯ ಕಾವು ಹಿಡಿದು ಮಂಚಕ್ಕೆ ಬರುತ್ತದೆ. ಕಂಬಳಿಯಿಂದ ಹೊರಗಿರುವುದು ಮುಖ, ತೋಳು. ತಲೆಯಡಿ ಮಡಚಿಟ್ಟುಕೊಂಡಿದ್ದ ಸೊಂಡಿಲನ್ನು ಮುಂದಕ್ಕೆ ಚಾಚಿ ಚುಚ್ಚುತ್ತದೆ. ಮಗುವಿಗೆ ಗೊತ್ತೇ ಆಗುವುದಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಚಪ್ಪಟೆಯಿದ್ದ ಹೊಟ್ಟೆ ಬಿಗಿದು ಗುಂಡಗಾಗಿ, ನಡೆಯಲೂ ತಿಣುಕುವಂತಾಗುತ್ತದೆ. ಭಾರ ಇಳಿಸಿಕೊಳ್ಳಲು ಅಲ್ಲೇ, ಚರ್ಮದ ಮೇಲೆಯೇ, ತೆಳ್ಳನೆಯ ಕಪ್ಪು ಹಿಕ್ಕೆಯ ಒಂದು ತೊಟ್ಟು ಬಿಡುತ್ತದೆ. ತಾವು ಇಳಿಯುವ ನಿಲ್ದಾಣ ಅದೇ. ಗಾಯವಿಲ್ಲದ ಚರ್ಮವನ್ನು ಕೊರೆಯುವ ಶಕ್ತಿ ತಮಗಿಲ್ಲ, ಚಿಂತೆ ಬೇಡ. ಮಗು ನಿದ್ದೆಗಣ್ಣಲ್ಲಿ ಕಚ್ಚಿದ ಜಾಗ ಕೆರೆದುಕೊಂಡು ಅದೇ ಬೆರಳಲ್ಲಿ ಕಣ್ಣು ಉಜ್ಜಿಕೊಳ್ಳುತ್ತದೆ. ಕೆಲವು ದಿನ ಕಳೆದು ಒಂದೇ ಕಣ್ಣು ಊದಿಕೊಂಡಿತೋ, ತಾವು ಸುಖವಾಗಿ ತಲುಪಿದ್ದೀರಿ ಎಂದರ್ಥ. (ಅರ್ಜೆಂಟೀನಾದ ವೈದ್ಯ ಸೆಸಿಲಿಯೊ ರೊಮಾನ್ಯಾ 1935ರಲ್ಲಿ ಈ ಗುರುತನ್ನು ಎಲ್ಲರಿಗೂ ಹೇಳಿಬಿಟ್ಟರು.)

ಒಂದು ಕಟುಸತ್ಯ ಹೇಳಲೇಬೇಕು. ಸೋಂಕು ಹೊತ್ತ ವಿಂಚೂಕಾ ಮನುಷ್ಯನನ್ನು 900ರಿಂದ 4000 ಸಲ ಕಚ್ಚಿದರೆ ಒಂದು ಸಲ ತಮ್ಮ ಕೆಲಸ ಆಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಸರ್ಕಾರಿ ಕಚೇರಿಯಲ್ಲೂ ಇದಕ್ಕಿಂತ ಬೇಗ ಕೆಲಸವಾಗುತ್ತದೆ. ಹಾಗಾಗಿ ಮನುಷ್ಯನನ್ನೇ ನಂಬಿ ಕೂರಬೇಡಿ.

ನಾಯಿ (ಈ ಭಾಗವನ್ನು ಎರಡು ಸಲ ಓದಿ)

ಇಡೀ ವ್ಯವಹಾರ ನಿಂತಿರುವುದು ಮಂಚದ ಕೆಳಗೆ ಮಲಗಿರುವ ನಾಯಿಯ ಮೇಲೆ. ಮನುಷ್ಯನ ಮೈಯಲ್ಲಿ ಸ್ವಲ್ಪ ಕಾಲದ ನಂತರ ತಾವು ಮಾಂಸಖಂಡಗಳ ಮರೆಗೆ ಸರಿಯಬೇಕಾಗುತ್ತದೆ, ರಕ್ತದಲ್ಲಿ ಸಿಗುವುದೇ ಅಪರೂಪ. ಅಂಥವನನ್ನು ಕಚ್ಚಿದ ತಿಗಣೆ ಎಷ್ಟೋ ಸಲ ಬರಿಗೈಲಿ ಹೋಗುತ್ತದೆ. ನಾಯಿ ಹಾಗಲ್ಲ, ವರ್ಷಗಟ್ಟಲೆ ತಮ್ಮನ್ನು ರಕ್ತದಲ್ಲಿಟ್ಟುಕೊಂಡು, ಕಚ್ಚಲು ಬಂದ ತಿಗಣೆಗಳಿಗೆ ಹಂಚುತ್ತ ಇರಬಲ್ಲದು. ಅದಕ್ಕೆ ಸೋಂಕು ತಗಲುವುದೂ ಸುಲಭ. ಹಿಕ್ಕೆಗಾಗಿ ಕಾಯಬೇಕಿಲ್ಲ, ಎದುರಿಗೆ ಹರಿದಾಡುವ ತಿಗಣೆಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತದೆ. ವಾಹನಸಮೇತ ಒಳಗೆ ಹೋಗುವ ಭಾಗ್ಯ ಬೇರೆಲ್ಲಿದೆ?

ಕೋಳಿಯ ವಿಷಯದಲ್ಲಿ ಗೊಂದಲ ಬೇಡ. ಹಕ್ಕಿಯ ರಕ್ತದಲ್ಲಿ ತಾವು ಉಳಿಯಲಾರಿರಿ, ಅದು ತಮ್ಮನ್ನು ಕರಗಿಸಿಬಿಡುತ್ತದೆ. ಆದರೂ ಕಾವಿಗೆ ಕೂತ ಕೋಳಿಯನ್ನು ಮನೆಯೊಳಗೆ ಇಟ್ಟುಕೊಳ್ಳುವವರನ್ನು ಪ್ರೋತ್ಸಾಹಿಸಿ. ಕೋಳಿ ತಿಗಣೆಯ ಹೊಟ್ಟೆ ತುಂಬಿಸುತ್ತದೆ, ತಿಗಣೆಯ ಸಂತಾನ ಬೆಳೆಯುತ್ತದೆ. ಆ ಸಂತಾನಕ್ಕೆಲ್ಲ ನಾಯಿ ತಮ್ಮನ್ನು ತುಂಬಿ ಕೊಡುತ್ತದೆ. ಬಾಡಿಗೆ ಕಟ್ಟುವವರು ಒಬ್ಬರು, ವಾಸ ಮಾಡುವವರು ಇನ್ನೊಬ್ಬರು.

ಎಚ್ಚರಿಕೆ: ಜೋಯಲ್ ಕೋಹೆನ್ ಮತ್ತು ರಿಕಾರ್ಡೊ ಗುರ್ಟ್ಲರ್ ಎಂಬಿಬ್ಬರು ವಾಯವ್ಯ ಅರ್ಜೆಂಟೀನಾದ ಹಳ್ಳಿಮನೆಗಳ ಅಂಕಿಅಂಶ ಇಟ್ಟುಕೊಂಡು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಗುಟ್ಟನ್ನು ಗಣಿತವಾಗಿ ಬರೆದುಬಿಟ್ಟಿದ್ದಾರೆ. ಸೋಂಕಿತ ನಾಯಿಯನ್ನು ಮಲಗುವ ಕೋಣೆಯಿಂದ ಹೊರಗಿಡಿ, ಗೋಡೆಯ ಬಿರುಕು ಮುಚ್ಚಿ, ಮನೆಯೊಳಗೆ ಕೀಟನಾಶಕ ಬಳಸಿ ಎಂದು ಅವರ ಸಲಹೆ. ಇದಕ್ಕೆ ದೊಡ್ಡ ಆಸ್ಪತ್ರೆಯೂ ಬೇಡ, ದೊಡ್ಡ ಬಜೆಟ್ಟೂ ಬೇಡ. ನನ್ನ ಮಟ್ಟಿಗೆ, ತಮಗೆ ಬಂದಿರುವ ಅತ್ಯಂತ ಅಪಾಯಕಾರಿ ಬರಹ ಇದೇ. ಪುಣ್ಯಕ್ಕೆ ಚಳಿಯ ರಾತ್ರಿ ನಾಯಿಯನ್ನು ಹೊರಗಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ.

ಬೇರೆ ದಾರಿಗಳು

ಹಣ್ಣಿನ ಜೊತೆ ತಿಗಣೆಯೂ ಅರೆದುಹೋದ ರಸ ಕುಡಿದವರಿಗೆ ಬಾಯಿಯಿಂದಲೇ ಹೋಗಬಹುದು: 2005ರಲ್ಲಿ ಬ್ರೆಜಿಲ್‌ನ ಸಾಂತಾ ಕತರೀನಾದಲ್ಲಿ ಕಬ್ಬಿನ ಹಾಲು, 2007ರಲ್ಲಿ ಕರಾಕಸ್‌ನ ಶಾಲೆಯೊಂದರಲ್ಲಿ ಸೀಬೆಹಣ್ಣಿನ ರಸ. ಶಾಲೆಯಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ತಗಲಿತು. ಪರೀಕ್ಷಿಸದ ರಕ್ತ, ಕಸಿ ಮಾಡಿದ ಅಂಗ, ಬಸುರಿಯಿಂದ ಮಗುವಿಗೆ ಎಂಬ ದಾರಿಗಳಿಗೆ ತಿಗಣೆಯೇ ಬೇಕಿಲ್ಲ.

ಭಾರತದಲ್ಲಿ ಶಾಖೆ ತೆರೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಲಿನ್ಷ್‌ಕಾಸ್ಟಿಯಸ್ ಎಂಬ ತಿಗಣೆ ಕುಲ ಭಾರತ ಬಿಟ್ಟರೆ ಎಲ್ಲೂ ಇಲ್ಲ. ಟ್ರಯಾಟೋಮಾ ಬಳಗದ ಒಂದು ಜಾತಿ ಕೂಡ ಅಲ್ಲಿದೆ. ಬಂಡಿಯುಂಟು, ಪ್ರಯಾಣಿಕರಿಲ್ಲ.

ತಲುಪಿದ ಮೇಲೆ

ತೆಪ್ಪಗಿರಿ. ಜ್ವರ ಒಂದೆರಡು ತಿಂಗಳಲ್ಲಿ ತಾನೇ ಇಳಿಯುತ್ತದೆ, ಮಗು ಆಡಿಕೊಂಡಿರುತ್ತದೆ. ಹೃದಯದ ಸ್ನಾಯುವಿನೊಳಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಕೂತಿರಿ. ಮೂವರಲ್ಲಿ ಒಬ್ಬನಿಗೆ ಹೃದಯ ಹಿಗ್ಗುತ್ತದೆ, ಬಡಿತ ತಪ್ಪುತ್ತದೆ. ಹತ್ತರಲ್ಲಿ ಒಬ್ಬನಿಗೆ ಅನ್ನನಾಳವೋ ದೊಡ್ಡ ಕರುಳೋ ಊದಿ ಕೆಲಸ ನಿಲ್ಲಿಸುತ್ತದೆ. ಹೊಲದಲ್ಲಿ ಕುಸಿದು ಬಿದ್ದ ನಲವತ್ತರ ಗಂಡಸಿನ ಸಾವಿಗೆ ‘ಹೃದಯಾಘಾತ’ ಎಂದು ಬರೆದುಕೊಳ್ಳುತ್ತಾರೆ. ತಮ್ಮ ಹೆಸರು ಎಲ್ಲೂ ಬರುವುದಿಲ್ಲ.

ಕಾರ್ಲೋಸ್ ಚಾಗಾಸ್ ಎಂಬಾತ ಮಾತ್ರ ಹೆಸರು ಹಿಡಿದುಬಿಟ್ಟ. ಬ್ರೆಜಿಲ್‌ನ ಮಿನಾಸ್ ಜೆರೈಸ್‌ನ ಲಸಾನ್ಸ್ ಎಂಬ ಊರಿಗೆ ರೈಲುಹಳಿ ಹಾಕುವವರ ಮಲೇರಿಯಾ ನೋಡಲು ಬಂದವನು, ರೈಲು ಡಬ್ಬಿಯಲ್ಲೇ ಪ್ರಯೋಗಾಲಯ ಮಾಡಿಕೊಂಡಿದ್ದ. ಮೊದಲು ತಿಗಣೆಯ ಕರುಳಿನಲ್ಲಿ, ಆಮೇಲೆ ಬೆಕ್ಕಿನ ರಕ್ತದಲ್ಲಿ, 1909ರ ಏಪ್ರಿಲ್‌ನಲ್ಲಿ ಬೆರೆನಿಸ್ ಎಂಬ ಎರಡು ವರ್ಷದ ಹುಡುಗಿಯ ರಕ್ತದಲ್ಲಿ ತಮ್ಮನ್ನು ಕಂಡ. ಗುರು ಓಸ್ವಾಲ್ಡೊ ಕ್ರೂಜ್ ಹೆಸರನ್ನು ತಮಗಿಟ್ಟದ್ದೂ ಅವನೇ. ಬೆರೆನಿಸ್ 70 ದಾಟಿ ಬದುಕಿದಳು ಎಂಬುದು ನಮ್ಮ ಸಂಸ್ಥೆಗೆ ಇರುಸುಮುರುಸಿನ ವಿಷಯ.

ತೊಂದರೆಗಳು, ಪರಿಹಾರಗಳು

ಮದ್ದು ಸಿಂಪಡಿಸುವವರು ಬಂದಿದ್ದಾರೆ: ಕಾಯಿರಿ. ಆರು ದೇಶಗಳು 1991ರಲ್ಲಿ ಒಟ್ಟಾಗಿ ವಿಂಚೂಕಾವನ್ನು ಬೆನ್ನಟ್ಟಿದವು. ಈ ತಿಗಣೆಯಿಂದ ಹರಡುವುದು ನಿಂತಿದೆ ಎಂದು 2006ರಲ್ಲಿ ಬ್ರೆಜಿಲ್ ಪ್ರಮಾಣಪತ್ರವನ್ನೂ ಪಡೆಯಿತು. ಚಾಕೊದಲ್ಲಿ ಹಾಗಾಗಲಿಲ್ಲ. ಮನೆಗೆ ಹೊಡೆದ ಮದ್ದು ಕೋಳಿಗೂಡು, ಮೇಕೆದೊಡ್ಡಿಗಳ ಸಂದುಗಳಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಕೆಲವೆಡೆ ತಿಗಣೆಗಳಿಗೆ ಮದ್ದೇ ತಾಗದಂತಾಗಿದೆ. ಒಮ್ಮೆ ಬಂದ ತಂಡ ಮತ್ತೆ ಬಾರದಿದ್ದರೆ ಹಿತ್ತಲಿನಿಂದ ಮಂಚಕ್ಕೆ ಮರಳಲು ಬಹಳ ಕಾಲ ಬೇಡ.

ನಾಯಿಗೆ ಔಷಧದ ಪಟ್ಟಿ ಕಟ್ಟಿದ್ದಾರೆ, ಮಾತ್ರೆ ನುಂಗಿಸಿದ್ದಾರೆ: ಇದು ನಿಜವಾದ ತಲೆನೋವು, ಕಚ್ಚಿದ ತಿಗಣೆಯೇ ಸಾಯುತ್ತದೆ. ಸತ್ತು ಬಿದ್ದದ್ದನ್ನು ನಾಯಿ ತಿನ್ನುತ್ತದೆಯೇ ನೋಡಿ, ತಿಂದರೆ ಇನ್ನೂ ಆಸೆಯಿದೆ.

ರೋಗಿ ಬೆಂಜ್‌ನಿಡಜೋಲ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದಾನೆ: ಹೃದಯ ಆಗಲೇ ಕೆಟ್ಟಿದ್ದರೆ ಹೆದರಬೇಡಿ, ಆ ಹಂತದಲ್ಲಿ ಅದರಿಂದ ಹೃದಯ ರಿಪೇರಿಯಾಗುವುದಿಲ್ಲ.

ಬಸುರಿಯ ರಕ್ತಪರೀಕ್ಷೆ ಆಗಿದೆ, ಹುಟ್ಟಿದ ಮಗುವಿಗೆ ಮೊದಲ ವರ್ಷದೊಳಗೇ ಔಷಧ ಶುರುವಾಗಿದೆ: ಈ ತೊಂದರೆಗೆ ನಮ್ಮಲ್ಲಿ ಪರಿಹಾರವಿಲ್ಲ.