ಡಿಪಾಸಿಟ್ ಕೊಡದ ಬಾಡಿಗೆದಾರರು

ನವಿ ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿಯುವುದು ಸಣ್ಣ ಮಾತಲ್ಲ. ಡಿಪಾಸಿಟ್, ಹನ್ನೊಂದು ತಿಂಗಳ ಅಗ್ರಿಮೆಂಟ್, ಪೊಲೀಸ್ ವೆರಿಫಿಕೇಶನ್, ಏಜೆಂಟನ ಕಮಿಶನ್, ಎಲ್ಲ ಮುಗಿಯಿತು ಎನ್ನುವಾಗ ಸೊಸೈಟಿ ಕಾರ್ಯದರ್ಶಿಯ ಮೆಲುದನಿ: "ನೀವು ವೆಜ್ಜೋ, ನಾನ್‌ವೆಜ್ಜೋ?" ಇದಾವುದರ ಗೊಡವೆಯಿಲ್ಲದೆ ಚಳಿಗಾಲ ಬಂತೆಂದರೆ ನೆರೂಲ್, ಸೀವುಡ್ಸ್ ಕಡೆ ಬಿಡಾರ ಹೂಡುವವರು ಫ್ಲೆಮಿಂಗೊಗಳು, ಅಂದರೆ ನಮ್ಮ ಪತ್ರಿಕೆಗಳ ರಾಜಹಂಸಗಳು. ಥಾಣೆ ಖಾಡಿಯ ಉದ್ದಕ್ಕೂ ಎಣಿಸಿದರೆ ಲಕ್ಷ ದಾಟಿದ ವರ್ಷವೂ ಉಂಟು. ಕಾರ್ಯದರ್ಶಿ ವಿಚಾರಿಸಿದರೂ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಾದಾವು. ಕಿರಿಯ ಜಾತಿಯದಕ್ಕೆ ನೀಲಿಹಸಿರು ಪಾಚಿಯೇ ಪಂಚಭಕ್ಷ್ಯ. ಸಿಗಡಿ, ಹುಳುಹುಪ್ಪಟೆಯ ಚಪಲವೆಲ್ಲ ಹಿರಿಯ ಜಾತಿಗೆ.

ಗೂಡು, ಮೊಟ್ಟೆ, ಬಾಣಂತನಗಳೆಲ್ಲ ಕಚ್ಛದ ರಣದಂಥ ಕಡೆ. ಇಲ್ಲಿಗೆ ಬರುವುದು ಹೊಟ್ಟೆಪಾಡಿಗೆ. ಹೆಂಡತಿ ಮಕ್ಕಳನ್ನು ಊರಲ್ಲಿಟ್ಟು ಮುಂಬಯಿ ಹೋಟೆಲುಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಂಬತ್ತರ ದಶಕದ ನಡುವಿಗೆ ಮೊದಲು ಇವು ಈ ಖಾಡಿಯಲ್ಲಿ ಇಷ್ಟೊಂದು ಇರಲಿಲ್ಲ. ಊರು ಬೆಳೆದ ಹಾಗೆ ಕೊಳಚೆ ನೀರು ಖಾಡಿ ಸೇರಿತು, ಕೊಳಚೆಯಿಂದ ಪಾಚಿ ಹುಲುಸಾಯಿತು, ಪಾಚಿಯ ಹಿಂದೆ ಹಕ್ಕಿ ಬಂದವು ಎಂದು ಬಲ್ಲವರ ಊಹೆ. ಅವುಗಳ ಗುಲಾಬಿ ಬಣ್ಣವೂ ತಿಂದ ಆಹಾರದ್ದೇ. ಮರಿಗಳೆಲ್ಲ ಬೂದು ಬಣ್ಣದವು. ಎಂದರೆ, ನಾವು ಮೂಗು ಮುಚ್ಚಿಕೊಂಡು ದಾಟುವ ಕೆಸರಿನಲ್ಲಿ ಅವು ಕೊಕ್ಕನ್ನು ತಲೆಕೆಳಗು ಮಾಡಿ, ಸೋಸಿ, ತಿಂದು, ಕೆಂಪೇರುತ್ತವೆ. ಆ ಚೆಲುವಿನಲ್ಲಿ ನಮ್ಮ ಬಚ್ಚಲಿನ ಪಾಲೂ ಇದೆ. ಈ ವಿಷಯವನ್ನು 'ಫ್ಲೆಮಿಂಗೊ ವ್ಯೂ' ಎಂದು ಕಿಟಕಿಗೇ ರೇಟು ಏರಿಸುವ ಬಿಲ್ಡರುಗಳು ಜಾಹೀರಾತಿನಲ್ಲಿ ಹಾಕುವುದಿಲ್ಲ.

ಮಾನಮರ್ಯಾದೆಗೆ ಕೊರತೆಯಿಲ್ಲ. 2015ರಲ್ಲಿ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಗೋಡೆಗಳ ಮೇಲೆ ಫ್ಲೆಮಿಂಗೊ, ರಸ್ತೆ ಬದಿಗೆ ಫ್ಲೆಮಿಂಗೊ ಪ್ರತಿಮೆ, ಊರಿಗೇ ಫ್ಲೆಮಿಂಗೊ ಸಿಟಿ ಎಂಬ ಬಿರುದು. 2024ರಲ್ಲಿ ನೆರೂಲಿನ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಕಟ್ಟಿಕೊಂಡು, ಕೆರೆ ಒಣಗಿ, ಹಕ್ಕಿಗಳು ಸತ್ತವು. ಪ್ರತಿಮೆಗಳಿಗೆ ನೀರು ಬೇಡವಾದ್ದರಿಂದ ಅವು ಕ್ಷೇಮವಾಗಿದ್ದವು.

ಕೆರೆಗೆ ಮತ್ತೆ ನೀರು ಬಂದ ಮೇಲೆ ಡೊಂಬಿವಲಿಯ ನಮ್ಮ ಭಾವ ಈ ಹಕ್ಕಿಗಳನ್ನು ನೋಡಲೇಬೇಕೆಂದು ಹಟ ಹಿಡಿದರು. ಜೀವಮಾನವಿಡೀ ಲೋಕಲ್ ರೈಲಿನ ಟೈಮ್‌ಟೇಬಲ್ಲನ್ನು ವೇದವೆಂದು ನಂಬಿದವರು. ಭಾನುವಾರ ಅಕ್ಕನನ್ನು ಹೊರಡಿಸಿಕೊಂಡು, ಥಾಣೆಯಲ್ಲಿ ಗಾಡಿ ಬದಲಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಕೆರೆ ದಂಡೆಗೆ ಬಂದು ನಿಂತರು. ಕೆರೆಯಲ್ಲಿ ಒಂದು ಬೆಳ್ಳಕ್ಕಿ ಇತ್ತು.

"ಏನಪಾ, ಎಲ್ಲಿ ಅದಾವ ನಿನ್ನ ಲಕ್ಷ ಹಕ್ಕಿ?"

ಸಮುದ್ರ ಇಳಿದಾಗ ಖಾಡಿಯ ಕೆಸರು ತೆರೆದುಕೊಳ್ಳುತ್ತದೆ, ಅವು ಅತ್ತ ಊಟಕ್ಕೆ ಹೋಗುತ್ತವೆ. ಭರತ ಬಂದು ಕೆಸರು ಮುಳುಗಿದಾಗ ಕೆರೆಗೆ ಮರಳುತ್ತವೆ. ಭರತದ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ ಎಂದೆಲ್ಲ ವಿವರಿಸಿದೆ. "ಹಿಂಗ ದಿನಾ ಲೇಟಾದ್ರ ನಮ್ಮ ಆಫೀಸಿನ್ಯಾಗ ಮೆಮೊ ಕೊಡ್ತಿದ್ರು" ಎಂದು ಭಾವ ರಸ್ತೆ ಬದಿಯ ಪ್ರತಿಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅದಕ್ಕೆ ಸಿಕ್ಕಷ್ಟು ಹೆಬ್ಬೆರಳು ನಾನು ತೆಗೆದ ನಿಜ ಹಕ್ಕಿಗೆ ಸಿಕ್ಕಿರಲಿಲ್ಲ.

ಈಗ ಅವರ ಕೈಯಲ್ಲಿ ಟೈಮ್‌ಟೇಬಲ್ ಬದಲು ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ನಡುಹಗಲ ಸುಮಾರಿಗೆ ದೊಡ್ಡ ಭರತ, ಆವಾಗ ಬನ್ನಿ ಎಂದೆ. ಫೋನಿನ ಆಚೆಯಿಂದ ಅಕ್ಕ ತಗಾದೆ ತೆಗೆದಳು. ಅಮಾಸಿ ದಿನ ಮನೆ ಬಿಟ್ಟು ಹೊರಡಬಾರದು, ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ.

"ಸಂಕಷ್ಟಿ ದಿನ ಇರ್ತಾವೇನು ಕೇಳ್ರಿ."

"ಇರ್ತಾವಕ್ಕಾ, ಮಧ್ಯಾಹ್ನ ಮೂರೂವರಿ ಸುಮಾರಿಗೆ."

"ಅಲ್ಲೋ, ಚಂದ್ರ ಕಾಣೂತನಕ ನಂದು ಉಪಾಸ. ಅವು ತಿನ್ನೂದು ನೋಡ್ಕೋತ ನಾ ಕೂಡಬೇಕೇನು?"